ದೊಡ್ಡ ಸಂಖ್ಯೆಯೊಂದರ ಗುಣಗಳನ್ನು ಕಾಗದದ ಮೇಲೆಯೇ ಕಂಡುಕೊಳ್ಳುವ ಬಗೆ

ಒಂಬತ್ತು ಅಂಕಿಗಳ ಸಂಖ್ಯೆಯೊಂದನ್ನು ಮುಂದಿಟ್ಟು ಅದರ ಗುಣಗಳನ್ನು ಹೇಳಿ ಎಂದರೆ ಹೆಚ್ಚಿನವರು 2, 3, 5, 7 ಎಂದು ಒಂದೊಂದಾಗಿ ಭಾಗಿಸುತ್ತಾ ಹೊರಡುತ್ತಾರೆ. ಆ ದಾರಿ ತಪ್ಪಲ್ಲ, ಆದರೆ ಬಹಳ ಉದ್ದ. ನಡುವೆ ಒಂದು ಕೂಡುವಿಕೆ ತಪ್ಪಿದರೂ ಮುಂದಿನದೆಲ್ಲ ಕೆಡುತ್ತದೆ. ಭಾಗಾಕಾರಕ್ಕೆ ಇಳಿಯುವ ಮೊದಲು ಆ ಸಂಖ್ಯೆ ಕೆಲವು ಸಣ್ಣ ಸಂಖ್ಯೆಗಳ ಮುಂದೆ, ಅಂದರೆ ಅವುಗಳಿಂದ ಭಾಗಿಸಿದಾಗ, ಏನು ಶೇಷ ಉಳಿಸುತ್ತದೆ ಎಂದು ನೋಡಿಕೊಂಡರೆ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಸಿಗುತ್ತದೆ ಮತ್ತು ಉಳಿದವುಗಳ ಹುಡುಕಾಟ ಬಹಳ ಕಿರಿದಾಗುತ್ತದೆ. ಶಾಲೆಯಲ್ಲಿ ನಾವು ಭಾಗಲಬ್ಧವನ್ನು ಉತ್ತರವೆಂದೂ ಶೇಷವನ್ನು ಕೊನೆಯಲ್ಲಿ ಉಳಿದ ಚೂರೆಂದೂ ಕಲಿಯುತ್ತೇವೆ. ಸಂಖ್ಯೆಯ ಸ್ವಭಾವ ತಿಳಿಯಲು ಹೊರಟವರಿಗೆ ಮಾತ್ರ ಶೇಷವೇ ಮುಖ್ಯ.

ಉದಾಹರಣೆಗೆ ಎಲ್ಲರಿಗೂ ನೆನಪಿರುವ 12,34,56,789 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ನೋಡಲು ಕ್ರಮಬದ್ಧವಾಗಿದ್ದರೂ ಇದರ ಒಳರಚನೆ ಹೊರಗೆ ಕಾಣುವಂಥದ್ದಲ್ಲ, ಹಾಗಾಗಿ ಅಭ್ಯಾಸಕ್ಕೆ ಇದು ಒಳ್ಳೆಯ ಸಂಖ್ಯೆ. ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು ಮತ್ತು ಮಗ್ಗಿ. ಪ್ರತಿ ಹಂತವನ್ನೂ ಓದುಗರು ಜೊತೆಯಲ್ಲೇ ಬರೆದು ನೋಡಬೇಕೆಂದು ಕೋರುತ್ತೇನೆ, ಏಕೆಂದರೆ ಇಂಥ ಲೆಕ್ಕವನ್ನು ಓದುವುದರಿಂದ ಬರುವ ತಿಳಿವಳಿಕೆಗಿಂತ ಮಾಡುವುದರಿಂದ ಬರುವ ತಿಳಿವಳಿಕೆ ಬಹಳ ಗಟ್ಟಿ.

ಮೊದಲ ಹಂತ: ಗಾತ್ರ ಮತ್ತು ವರ್ಗಮೂಲ

ಸಂಖ್ಯೆಯನ್ನು ಬರೆದುಕೊಂಡ ಕೂಡಲೇ ಅದು ಯಾವ ಎರಡು ಅನುಕ್ರಮ ವರ್ಗಗಳ ನಡುವೆ ಬೀಳುತ್ತದೆ ಎಂದು ಗುರುತಿಸಬೇಕು. ಸಂಯುಕ್ತ ಸಂಖ್ಯೆಗೆ ಅದರ ವರ್ಗಮೂಲವನ್ನು ಮೀರದ ಒಂದು ಅವಿಭಾಜ್ಯ ಅಪವರ್ತನ ಇದ್ದೇ ಇರುತ್ತದೆ. ಹಾಗಾಗಿ ವರ್ಗಮೂಲವೇ ನಮ್ಮ ಹುಡುಕಾಟದ ಗಡಿ. ಇಲ್ಲಿ 11111ರ ವರ್ಗ 12,34,54,321. ಮುಂದಿನ ವರ್ಗಕ್ಕೆ 11111 ಮತ್ತು 11112 ಎರಡನ್ನೂ ಕೂಡಿಸಿದರೆ ಸಾಕು. 11112ರ ವರ್ಗ 12,34,76,544 ಎಂದು ಬರುತ್ತದೆ. ನಮ್ಮ ಸಂಖ್ಯೆ ಇವೆರಡರ ನಡುವೆ ಇರುವುದರಿಂದ ಅದು ಪೂರ್ಣವರ್ಗವಲ್ಲ, ಅದರ ವರ್ಗಮೂಲ 11111ಕ್ಕಿಂತ ಸ್ವಲ್ಪ ಹೆಚ್ಚು. ಕೆಳಗಿನ ವರ್ಗಕ್ಕೂ ಸಂಖ್ಯೆಗೂ ಇರುವ ವ್ಯತ್ಯಾಸ 2468. ಈ 2468ನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಇದಕ್ಕೆ ಎಷ್ಟು ಸ್ಥಾನ ಬೇಕು ಎಂಬುದನ್ನೂ ಗಾತ್ರದ ಜೊತೆಗೇ ಹೇಳಿಬಿಡಬಹುದು. 2ರ 26ನೆಯ ಘಾತ 6,71,08,864, 27ನೆಯ ಘಾತ 13,42,17,728. ನಮ್ಮ ಸಂಖ್ಯೆ ಇವುಗಳ ನಡುವೆ ಇರುವುದರಿಂದ ದ್ವಿಮಾನದಲ್ಲಿ ಅದಕ್ಕೆ 27 ಸ್ಥಾನಗಳು. ಅಂಕಿಗಳ ಜೋಡಣೆಗೆ ಸಂಬಂಧಿಸಿದ ಇಂಥ ಗುಣಗಳು ನಾವು ಸಂಖ್ಯೆಯನ್ನು ಬರೆಯುವ ರೀತಿಗೆ ಸೇರಿದವು, ಬರೆಯುವ ಪದ್ಧತಿ ಬದಲಾದರೆ ಅವೂ ಬದಲಾಗುತ್ತವೆ. ಅಪವರ್ತನಗಳು, ಭಾಜಕಗಳ ಸಂಖ್ಯೆ, ವರ್ಗಗಳ ಮೊತ್ತವಾಗಿ ಬರೆಯುವ ಸಾಧ್ಯತೆ ಇವು ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗದ ಗುಣಗಳು. ನನ್ನ ಮಟ್ಟಿಗೆ ನಿಜವಾದ ಅಧ್ಯಯನವೆಂದರೆ ಎರಡನೆಯ ಬಗೆಯದು, ಆದ್ದರಿಂದ ಮುಂದಿನ ಹಂತಗಳೆಲ್ಲ ಅದನ್ನು ಕುರಿತೇ ಇವೆ.

ಎರಡನೆಯ ಹಂತ: ಶೇಷಗಳ ಪಟ್ಟಿ

ಈಗ ಭಾಗಾಕಾರ ಮಾಡದೆಯೇ ಶೇಷಗಳನ್ನು ಕಂಡುಕೊಳ್ಳಬೇಕು. ಮೊದಲಿಗೆ 9. ಅಂಕಿಗಳ ಮೊತ್ತ 1ರಿಂದ 9ರವರೆಗಿನ ಮೊತ್ತವೇ ಆಗಿರುವುದರಿಂದ ಅದು 45; 45ನ್ನು 9 ನಿಶ್ಶೇಷವಾಗಿ ಭಾಗಿಸುತ್ತದೆ, ಆದ್ದರಿಂದ ಸಂಖ್ಯೆಯನ್ನೂ ಭಾಗಿಸುತ್ತದೆ. ಈ ಒಂಬತ್ತು ಅಂಕಿಗಳನ್ನು ಹೇಗೆ ಹಿಂದುಮುಂದು ಮಾಡಿ ಬರೆದರೂ ಇದು ನಿಜ. ಮುಂದೆ 4 ಮತ್ತು 8. ನೂರು 4ರಿಂದಲೂ ಸಾವಿರ 8ರಿಂದಲೂ ಭಾಗವಾಗುವುದರಿಂದ 4ಕ್ಕೆ ಕೊನೆಯ ಎರಡು ಅಂಕಿ, 8ಕ್ಕೆ ಕೊನೆಯ ಮೂರು ಅಂಕಿ ಸಾಕು. 89ನ್ನು 4ರಿಂದ ಭಾಗಿಸಿದರೆ ಶೇಷ 1, 789ನ್ನು 8ರಿಂದ ಭಾಗಿಸಿದರೆ ಶೇಷ 5. ಕೊನೆಯ ಅಂಕಿ 9 ಆದ್ದರಿಂದ 2 ಮತ್ತು 5 ಎರಡೂ ಅಪವರ್ತನಗಳಲ್ಲ.

7, 11 ಮತ್ತು 13ಕ್ಕೆ ಬೇರೆ ಬೇರೆ ನಿಯಮಗಳನ್ನು ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಇವು ಮೂರರ ಗುಣಲಬ್ಧ 1001. ಆದ್ದರಿಂದ ಈ ಮೂರರ ಯಾವುದರ ಮುಂದೆಯೂ 1000 ಎಂಬುದು 1ನ್ನು ಕಳೆದಂತೆ ವರ್ತಿಸುತ್ತದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಮಾಡಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತಾ ಹೋದರೆ ಮೂರಕ್ಕೂ ಒಟ್ಟಿಗೇ ಶೇಷ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಲಕ್ಷ, ಕೋಟಿ ಎಂದು ಎರಡೆರಡು ಅಂಕಿಗಳಿಗೆ ನಾವು ಹಾಕುವ ಅಲ್ಪವಿರಾಮಗಳನ್ನು ಈ ಪರೀಕ್ಷೆಗೆ ಲೆಕ್ಕಿಸಬಾರದು, ಅವುಗಳನ್ನು ಅಳಿಸಿ ಮೂರಂಕಿಯ ಗುಂಪುಗಳನ್ನೇ ಬರೆದುಕೊಳ್ಳಬೇಕು. ನಮ್ಮ ಸಂಖ್ಯೆಯಲ್ಲಿ ಗುಂಪುಗಳು 123, 456, 789. ಬಲದಿಂದ 789ರಲ್ಲಿ 456 ಕಳೆದು 123 ಕೂಡಿದರೆ 456 ಬರುತ್ತದೆ. ಇನ್ನು ಒಂಬತ್ತು ಅಂಕಿಗಳ ಬದಲು 456ನ್ನು ಭಾಗಿಸಿದರಾಯಿತು. 7ರ ಮುಂದೆ ಶೇಷ 1, 11ರ ಮುಂದೆ 5, 13ರ ಮುಂದೆ 1. ಮೂರರಲ್ಲಿ ಯಾವುದೂ ಅಪವರ್ತನವಲ್ಲ.

11ರ ಶೇಷವನ್ನು ಅಂಕಿಗಳನ್ನೇ ಒಂದು ಬಿಟ್ಟು ಒಂದು ಕೂಡಿ ಕಳೆದು ಸರಿನೋಡಬಹುದು: 9 − 8 + 7 − 6 + 5 − 4 + 3 − 2 + 1 = 5. ಎರಡು ಬೇರೆ ದಾರಿಗಳಲ್ಲಿ ಒಂದೇ ಶೇಷ ಬಂದರೆ ಅಲ್ಲಿಯವರೆಗಿನ ಲೆಕ್ಕದ ಮೇಲೆ ಭರವಸೆ ಇಡಬಹುದು.

17ಕ್ಕೆ ಇಷ್ಟು ಸುಲಭದ ಪರೀಕ್ಷೆ ಇಲ್ಲದಿರುವುದರಿಂದ ನೇರವಾಗಿ ಭಾಗಿಸಬೇಕು. ಅಲ್ಲಿಯೂ ಶೇಷ 1. 4, 7, 13, 17 ನಾಲ್ಕರ ಮುಂದೆಯೂ 1 ಉಳಿಯುತ್ತದೆ ಎಂದರೆ ಹಿಂದಿನ ಸಂಖ್ಯೆಯಾದ 12,34,56,788 ಇವು ನಾಲ್ಕರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದಾಯಿತು. ನೆರೆಯ ಸಂಖ್ಯೆಯ ಅಪವರ್ತನಗಳು ಬಿಟ್ಟಿಯಾಗಿ ಸಿಕ್ಕವು. ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಲಾರದು ಎಂಬುದಕ್ಕೂ ಇದು ಹೊಂದುತ್ತದೆ.

ಈ ಪಟ್ಟಿಯಿಂದ ಏನೇನು ತಿಳಿಯಿತು ಎಂದು ಇಲ್ಲಿಯೇ ನಿಂತು ನೋಡುವುದು ಒಳ್ಳೆಯದು. ಬೆಸಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಯಾವಾಗಲೂ 1 ಉಳಿಯುತ್ತದೆ. ನಮ್ಮಲ್ಲಿ ಉಳಿದದ್ದು 5. ಹಾಗಾಗಿ ವರ್ಗಮೂಲ ತೆಗೆಯದೆಯೇ ಇದು ಪೂರ್ಣವರ್ಗವಲ್ಲ ಎಂದು ಹೇಳಬಹುದಿತ್ತು. ಕೊನೆಯ ಅಂಕಿ 9 ಎಂಬುದರಿಂದಾಗಲಿ, 9ರಿಂದ ಭಾಗವಾಗುತ್ತದೆ ಎಂಬುದರಿಂದಾಗಲಿ, 289ರಂಥ ವರ್ಗಗಳೂ 89ರಲ್ಲಿ ಕೊನೆಗೊಳ್ಳುವುದರಿಂದ ಕೊನೆಯ ಎರಡು ಅಂಕಿಗಳಿಂದಾಗಲಿ ಇದು ತಿಳಿಯುತ್ತಿರಲಿಲ್ಲ. 8ರ ಶೇಷ ಒಂದೇ ಏಟಿಗೆ ತಿಳಿಸಿತು. 1, 3, 6, 10 ಎಂದು ಸಾಗುವ ತ್ರಿಕೋನ ಸಂಖ್ಯೆಗಳ ಸಾಲಿಗೆ ಇದು ಸೇರುತ್ತದೆಯೇ ಎಂಬ ಪ್ರಶ್ನೆಗೂ ಇಷ್ಟೇ ಬೇಗ ಉತ್ತರ ಸಿಗುತ್ತದೆ. ತ್ರಿಕೋನ ಸಂಖ್ಯೆಯನ್ನು 8ರಿಂದ ಗುಣಿಸಿ 1 ಕೂಡಿದರೆ ಪೂರ್ಣವರ್ಗ ಬರಬೇಕು. ನಮಗೆ ಬರುವುದು 98,76,54,313. ಯಾವ ವರ್ಗವೂ 3ರಲ್ಲಿ ಕೊನೆಗೊಳ್ಳುವುದಿಲ್ಲ, ಆದ್ದರಿಂದ ಇದು ತ್ರಿಕೋನ ಸಂಖ್ಯೆಯಲ್ಲ.

ಮೂರನೆಯ ಹಂತ: ಸಣ್ಣ ಅಪವರ್ತನಗಳನ್ನು ತೆಗೆಯುವುದು

9ರಿಂದ ಭಾಗಿಸಿದರೆ 1,37,17,421 ಬರುತ್ತದೆ. ಇಲ್ಲಿ ಅನೇಕರು 3ರ ಕೆಲಸ ಮುಗಿಯಿತೆಂದು ಮುಂದೆ ಹೋಗಿಬಿಡುತ್ತಾರೆ. ಉಳಿದ ಸಂಖ್ಯೆಯಲ್ಲಿ ಇನ್ನೊಂದು 3 ಇದೆಯೇ ಎಂದು ನೋಡಲೇಬೇಕು. ಅದರ ಅಂಕಿಗಳ ಮೊತ್ತ 26, ಅದು 3ರಿಂದ ಭಾಗವಾಗುವುದಿಲ್ಲ. ಹಾಗಾದರೆ ಮೂಲಸಂಖ್ಯೆಯಲ್ಲಿ 3ರ ಘಾತ ಸರಿಯಾಗಿ ಎರಡು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇನ್ನು ನಮ್ಮ ಗಮನವೆಲ್ಲ 1,37,17,421ರ ಮೇಲೆ. 3703ರ ವರ್ಗ 1,37,12,209, 3704ರ ವರ್ಗ 1,37,19,616. ಆದ್ದರಿಂದ ಇದೂ ಪೂರ್ಣವರ್ಗವಲ್ಲ, ಹುಡುಕಾಟದ ಗಡಿ 11111ರಿಂದ 3703ಕ್ಕೆ ಇಳಿಯಿತು.

ನಾಲ್ಕನೆಯ ಹಂತ: ದೊಡ್ಡ ಅಪವರ್ತನಗಳನ್ನು ಹಿಡಿಯುವುದು

ಇದು ಇಡೀ ಕೆಲಸದ ತಿರುಳು, ಇಲ್ಲಿ ಆತುರಪಡಬಾರದು. ನೇರ ದಾರಿಯೆಂದರೆ 19, 23, 29 ಎಂದು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ 3703ರವರೆಗೆ ಹೋಗುವುದು. ಹಾಗೆ ಹೋದರೆ ಈ ಸಂಖ್ಯೆಯ ವಿಷಯದಲ್ಲಿ ಉತ್ತರ ಸಿಗುವ ಹೊತ್ತಿಗೆ ಸುಮಾರು 500 ಅವಿಭಾಜ್ಯಗಳನ್ನು ಪರೀಕ್ಷಿಸಿರುತ್ತೇವೆ. ಕೈಯಲ್ಲಿ ಅದನ್ನು ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಫ್ರಾನ್ಸಿನ ಗಣಿತಜ್ಞ ಫರ್ಮಾ 1643ರ ಪತ್ರವೊಂದರಲ್ಲಿ ಬೇರೊಂದು ದಾರಿ ತೋರಿಸಿದ್ದಾರೆ. ಬೆಸಸಂಖ್ಯೆಯೊಂದು ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಅದನ್ನು ಎರಡು ವರ್ಗಗಳ ವ್ಯತ್ಯಾಸವಾಗಿಯೂ ಬರೆಯಬಹುದು, ಏಕೆಂದರೆ ಅ² − ಬ² ಎಂಬುದು (ಅ − ಬ) ಮತ್ತು (ಅ + ಬ)ಗಳ ಗುಣಲಬ್ಧ. ಅಪವರ್ತನಗಳ ಸರಾಸರಿಯೇ ‘ಅ’, ಅವುಗಳ ವ್ಯತ್ಯಾಸದ ಅರ್ಧವೇ ‘ಬ’. ಆದ್ದರಿಂದ ವರ್ಗಮೂಲಕ್ಕಿಂತ ಮೇಲಿನ ಮೊದಲ ಪೂರ್ಣಾಂಕದಿಂದ ಶುರುಮಾಡಿ, ಒಂದೊಂದರ ವರ್ಗದಿಂದಲೂ ನಮ್ಮ ಸಂಖ್ಯೆಯನ್ನು ಕಳೆದು, ಉಳಿದದ್ದು ಪೂರ್ಣವರ್ಗವೇ ಎಂದು ನೋಡುತ್ತಾ ಹೋಗಬೇಕು. ಫರ್ಮಾ ತೆಗೆದುಕೊಂಡ ಉದಾಹರಣೆ 202,76,51,281. 45030ರಿಂದ ಆರಂಭಿಸಿದರೆ ಹನ್ನೆರಡನೆಯ ಪ್ರಯತ್ನದಲ್ಲಿ, ಅಂದರೆ 45041ರಲ್ಲಿ, 1020ರ ವರ್ಗ ಉಳಿದು 44021 × 46061 ಎಂಬ ಉತ್ತರ ಬರುತ್ತದೆ.

ನಮ್ಮ ಸಂಖ್ಯೆಗೆ ಇದನ್ನು ಅನ್ವಯಿಸುವ ಮೊದಲು ಶೇಷಗಳನ್ನು ಮತ್ತೊಮ್ಮೆ ಕೇಳೋಣ. 1,37,17,421ರ ಕೊನೆಯ ಎರಡು ಅಂಕಿ 21, ಆದ್ದರಿಂದ 4ರ ಮುಂದೆ ಅದರ ಶೇಷ 1. ಯಾವ ವರ್ಗವನ್ನೇ ಆಗಲಿ 4ರಿಂದ ಭಾಗಿಸಿದರೆ 0 ಅಥವಾ 1 ಮಾತ್ರ ಉಳಿಯುತ್ತದೆ. ಅ² − ಬ² ಶೇಷ 1 ಕೊಡಬೇಕಾದರೆ ಅ² ಶೇಷ 1ನ್ನೂ ಬ² ಶೇಷ 0ಯನ್ನೂ ಕೊಡಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ‘ಅ’ ಬೆಸ, ‘ಬ’ ಸಮ. ಇನ್ನು 3: ಅಂಕಿಗಳ ಮೊತ್ತ 26, ಆದ್ದರಿಂದ ಶೇಷ 2. ವರ್ಗಗಳು 3ರ ಮುಂದೆಯೂ 0 ಅಥವಾ 1 ಮಾತ್ರ ಉಳಿಸುತ್ತವೆ. ಅವೆರಡರ ವ್ಯತ್ಯಾಸ 2ಕ್ಕೆ ಸಮನಾದ ಶೇಷ ಕೊಡಬೇಕಾದರೆ 0ಯಿಂದ 1 ಕಳೆಯುವುದೊಂದೇ ಸಾಧ್ಯತೆ. ಎಂದರೆ ‘ಅ’ 3ರ ಅಪವರ್ತ್ಯ. ಎರಡನ್ನೂ ಸೇರಿಸಿದರೆ ‘ಅ’ ಎಂಬುದು 3ರ ಬೆಸ ಅಪವರ್ತ್ಯವಾಗಿರಲೇಬೇಕು. ಪ್ರತಿ ಆರು ಸಂಖ್ಯೆಗಳಲ್ಲಿ ಐದನ್ನು ಮುಟ್ಟದೆಯೇ ಬಿಡಬಹುದು.

3704 ಸಮಸಂಖ್ಯೆ, ಅದನ್ನು ಬಿಟ್ಟೆವು. ಮುಂದಿನದು 3705, ಅದು ಬೆಸ, ಅಂಕಿಗಳ ಮೊತ್ತ 15, ಎಂದರೆ 3ರ ಅಪವರ್ತ್ಯ. ಅದರ ವರ್ಗ 1,37,27,025. ಅದರಿಂದ 1,37,17,421 ಕಳೆದರೆ 9604. ಇದು 98ರ ವರ್ಗ. ಪರೀಕ್ಷಿಸಲು ಅರ್ಹವಾದ ಮೊದಲ ಸಂಖ್ಯೆಯಲ್ಲೇ ಉತ್ತರ ಸಿಕ್ಕಿತು! 3705ರಿಂದ 98ನ್ನು ಕಳೆದರೆ 3607, ಕೂಡಿದರೆ 3803. ಹೀಗೆ

12,34,56,789 = 3² × 3607 × 3803.

ಸುಮಾರು 500 ಭಾಗಾಕಾರಗಳ ಜಾಗದಲ್ಲಿ ಒಂದು ವರ್ಗ, ಒಂದು ಕಳೆಯುವಿಕೆ. ಸಂಖ್ಯೆಗಳ ಜೊತೆ ಕೆಲಸ ಮಾಡುವುದರ ಸಂತೋಷ ಇಂಥ ಸಾಲುಗಳಲ್ಲಿದೆ ಎಂದು ನನಗನ್ನಿಸುತ್ತದೆ.

ಈ ವಿಧಾನ ಇಷ್ಟು ಬೇಗ ಫಲ ಕೊಟ್ಟದ್ದು 3607 ಮತ್ತು 3803 ಒಂದಕ್ಕೊಂದು ಹತ್ತಿರ ಇದ್ದುದರಿಂದ. ಅಪವರ್ತನಗಳು ದೂರ ದೂರ ಇದ್ದರೆ ಇದು ನೇರ ಭಾಗಾಕಾರಕ್ಕಿಂತ ನಿಧಾನ. ಅಂಥ ಒಂದು ಉದಾಹರಣೆಯನ್ನು ಕೊನೆಯಲ್ಲಿ ನೋಡಲಿದ್ದೇವೆ. ಆದ್ದರಿಂದ ನನ್ನ ಸಲಹೆ ಇದು: ಮೊದಲು ಐವತ್ತರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿ, ಏನೂ ಸಿಗದಿದ್ದರೆ ವರ್ಗಗಳ ವ್ಯತ್ಯಾಸದ ದಾರಿಯಲ್ಲಿ ಕೆಲವು ಹೆಜ್ಜೆ ಹೋಗಿ, ಅಲ್ಲಿಯೂ ಸಿಗದಿದ್ದರೆ ಗಣಕದ ನೆರವು ಪಡೆಯಿರಿ. ನೂರಾರು ಅಂಕಿಗಳ ಸಂಖ್ಯೆಯಾದರೆ ಗಣಕಕ್ಕೂ ಇದು ಕಷ್ಟದ ಕೆಲಸ. ಆರ್‌ಎಸ್‌ಎ-250 ಎಂಬ 250 ಅಂಕಿಗಳ ಸಂಖ್ಯೆಯನ್ನು ಎರಡು ಅವಿಭಾಜ್ಯಗಳಾಗಿ ಒಡೆಯಲು ಸಾಧ್ಯವಾದದ್ದು 2020ರಲ್ಲಿ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ತೀರ್ಮಾನಿಸುವುದು ಮಾತ್ರ ಅದರ ಅಪವರ್ತನಗಳನ್ನು ಹುಡುಕುವುದಕ್ಕಿಂತ ಬಹಳ ಸುಲಭ. ಅದಕ್ಕೆ ಖಚಿತವಾದ ಮತ್ತು ವೇಗದ ವಿಧಾನವೊಂದು ಇದೆಯೆಂದು ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ 2002ರಲ್ಲಿ ತೋರಿಸಿಕೊಟ್ಟರು.

ಐದನೆಯ ಹಂತ: ಸಿಕ್ಕ ಅಪವರ್ತನಗಳು ಅವಿಭಾಜ್ಯವೇ?

ಇದನ್ನು ಖಚಿತಪಡಿಸಿಕೊಳ್ಳದೆ ಮುಂದಿನ ಯಾವ ಲೆಕ್ಕವನ್ನೂ ಮಾಡಬಾರದು, ಏಕೆಂದರೆ ಭಾಜಕಗಳ ಸಂಖ್ಯೆಯಿಂದ ಹಿಡಿದು ಎಲ್ಲವೂ ಇದರ ಮೇಲೆ ನಿಂತಿವೆ. 60ರ ವರ್ಗ 3600, ಆದ್ದರಿಂದ 3607ಕ್ಕೆ 59ರವರೆಗಿನ ಅವಿಭಾಜ್ಯಗಳು ಸಾಕು. 61ರ ವರ್ಗ 3721, 62ರ ವರ್ಗ 3844, ಆದ್ದರಿಂದ 3803ಕ್ಕೆ 61ರವರೆಗೆ ನೋಡಬೇಕು. 2, 3, 5, 7, 11, 13 ಮತ್ತು 17 ಮೂಲಸಂಖ್ಯೆಯಲ್ಲೇ ಹೊರಗುಳಿದಿವೆ (3ನ್ನು ಪೂರ್ತಿ ತೆಗೆದಾಗಿದೆ), ಅವುಗಳನ್ನು ಮತ್ತೆ ಪರೀಕ್ಷಿಸಬೇಕಿಲ್ಲ. ಉಳಿದದ್ದು 19ರಿಂದ ಮುಂದಿನವು.

ಇಲ್ಲಿಯೂ ಉದ್ದದ ಭಾಗಾಕಾರ ಬೇಡ. ಹತ್ತಿರದ ಅಪವರ್ತ್ಯವನ್ನು ಕಳೆದು ಉಳಿದದ್ದನ್ನು ನೋಡಿದರೆ ಸಾಕು. 3607ರಿಂದ 19 × 189 = 3591 ಕಳೆದರೆ 16; 23 × 156 = 3588 ಕಳೆದರೆ 19. 29 × 124 ಮತ್ತು 31 × 116 ಎರಡೂ 3596 ಆಗುವುದರಿಂದ ಆ ಎರಡರ ಮುಂದೆಯೂ 11 ಉಳಿಯುತ್ತದೆ. 37ರ ಮುಂದೆ 18, 41ರ ಮುಂದೆ 40, 43ರ ಮುಂದೆ 38, 47ರ ಮುಂದೆ 35, 53ರ ಮುಂದೆ 3, 59ರ ಮುಂದೆ 8. ಎಲ್ಲಿಯೂ ಸೊನ್ನೆ ಬರಲಿಲ್ಲ, 3607 ಅವಿಭಾಜ್ಯ. 3803ಕ್ಕೆ ಇದೇ ಕ್ರಮದಲ್ಲಿ 19ರಿಂದ 61ರವರೆಗೆ ಬರುವ ಶೇಷಗಳು 3, 8, 4, 21, 29, 31, 19, 43, 40, 27, 21. ಇದೂ ಅವಿಭಾಜ್ಯ.

ಗುಣಾಕಾರವನ್ನು ಸರಿನೋಡಲು 9 ಮತ್ತು 11ರ ಶೇಷಗಳನ್ನು ಬಳಸಬೇಕು. 9ರ ಮುಂದೆ 3607 ಉಳಿಸುವುದು 7, 3803 ಉಳಿಸುವುದು 5. ಅವುಗಳ ಗುಣಲಬ್ಧ 35 ಉಳಿಸುವುದು 8. 1,37,17,421ರ ಅಂಕಿಗಳ ಮೊತ್ತ 26 ಉಳಿಸುವುದೂ 8. 11ರ ಮುಂದೆ ಕ್ರಮವಾಗಿ 10 ಮತ್ತು 8 ಉಳಿದು, ಗುಣಲಬ್ಧ 80 ಉಳಿಸುವುದು 3. ಅದನ್ನು 9ರಿಂದ ಗುಣಿಸಿದರೆ 27, ಅದರ ಶೇಷ 5. ಎರಡನೆಯ ಹಂತದಲ್ಲಿ ಮೂಲಸಂಖ್ಯೆಗೆ ಬಂದದ್ದೂ 5. ಅಂಕಿಗಳು ಅದಲುಬದಲಾದ ತಪ್ಪನ್ನು 9ರ ಪರೀಕ್ಷೆ ಹಿಡಿಯಲಾರದು. ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿದ್ದರೆ 11ರ ಪರೀಕ್ಷೆ ಅದನ್ನು ಹಿಡಿಯುತ್ತದೆ. ಎರಡನ್ನೂ ಮಾಡುವುದು ಅದಕ್ಕಾಗಿಯೇ.

ಆರನೆಯ ಹಂತ: ಭಾಜಕಗಳು

ಅಪವರ್ತನ ಸಿಕ್ಕ ಮೇಲೆ ಇದು ಬೇಗ ಮುಗಿಯುವ ಕೆಲಸ. ಪ್ರತಿ ಘಾತಸೂಚಿಗೆ ಒಂದು ಕೂಡಿ ಗುಣಿಸಿದರೆ ಭಾಜಕಗಳ ಸಂಖ್ಯೆ ಬರುತ್ತದೆ: 3 × 2 × 2 = 12. ಅವು 1, 3, 9, 3607, 3803, 10,821, 11,409, 32,463, 34,227, 1,37,17,421, 4,11,52,263 ಮತ್ತು ಸಂಖ್ಯೆಯೇ. ನಡುವಿನ ಜೋಡಿ 10,821 ಮತ್ತು 11,409 ಮೊದಲ ಹಂತದ ವರ್ಗಮೂಲ 11111ರ ಎರಡೂ ಬದಿಗೆ ನಿಂತಿರುವುದನ್ನು ಗಮನಿಸಬೇಕು.

ಭಾಜಕಗಳ ಮೊತ್ತಕ್ಕೆ ಹನ್ನೆರಡನ್ನೂ ಕೂಡಬೇಕಿಲ್ಲ. (1 + 3 + 9) × (1 + 3607) × (1 + 3803), ಅಂದರೆ 13 × 3608 × 3804, 17,84,22,816 ಆಗುತ್ತದೆ. ಸಂಖ್ಯೆಯನ್ನೇ ಬಿಟ್ಟರೆ ಉಳಿದ ಭಾಜಕಗಳ ಮೊತ್ತ 5,49,66,027. 6 ಅಥವಾ 28ರಂಥ ಪರಿಪೂರ್ಣ ಸಂಖ್ಯೆಯಲ್ಲಿ ಈ ಮೊತ್ತ ಸಂಖ್ಯೆಗೇ ಸಮನಾಗಿರುತ್ತದೆ. ನಮ್ಮಲ್ಲಿ ಅದು ಅರ್ಧಕ್ಕೂ ಕಡಿಮೆ, ಆದ್ದರಿಂದ ಇದು ಊನ ಸಂಖ್ಯೆಗಳ ಗುಂಪಿಗೆ ಸೇರುತ್ತದೆ.

1ರಿಂದ ಈ ಸಂಖ್ಯೆಯವರೆಗೆ ಇದರೊಂದಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು ಎಷ್ಟಿವೆ ಎಂಬುದನ್ನು ಗಣಿತಜ್ಞ ಆಯ್ಲರ್ ಅವರ ಸೂತ್ರದಿಂದ ಕಾಣಬಹುದು. 3²ಕ್ಕೆ 9 − 3 = 6, ಉಳಿದೆರಡು ಅವಿಭಾಜ್ಯಗಳಿಗೆ ಒಂದೊಂದು ಕಡಿಮೆ ಮಾಡಿ ಗುಣಿಸಬೇಕು: 6 × 3606 × 3802 = 8,22,60,072. ಮೂರರಲ್ಲಿ ಎರಡು ಪಾಲಿಗೆ ಇದು ತೀರ ಹತ್ತಿರ. 3ರ ಅಪವರ್ತ್ಯಗಳು ಮೂರರಲ್ಲಿ ಒಂದು ಪಾಲನ್ನು ಹೊರಗಿಡುತ್ತವೆ, ಉಳಿದೆರಡು ಅವಿಭಾಜ್ಯಗಳು ದೊಡ್ಡವಾದ್ದರಿಂದ ಹೊರಗಿಡುವುದು ಅತಿ ಕಡಿಮೆ.

ಏಳನೆಯ ಹಂತ: ವರ್ಗಗಳ ಮೊತ್ತವಾಗಿ ಬರೆಯಬಹುದೇ?

4ರ ಮುಂದೆ ಶೇಷ 1 ಉಳಿಸುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು ಎಂದು ಫರ್ಮಾ ಹೇಳಿದರು, ಅದನ್ನು ಸಾಧಿಸಿ ತೋರಿಸಿದವರು ಆಯ್ಲರ್. ನಮ್ಮ ಸಂಖ್ಯೆಯೂ 4ರ ಮುಂದೆ 1 ಉಳಿಸುತ್ತದೆ, ಹಾಗಾಗಿ ಇದನ್ನೂ ಬರೆಯಬಹುದೆಂದು ಅನ್ನಿಸುವುದು ಸಹಜ. ಆದರೆ ಸಂಯುಕ್ತ ಸಂಖ್ಯೆಯಲ್ಲಿ ಒಳಗಿನ ಅವಿಭಾಜ್ಯಗಳನ್ನು ಒಂದೊಂದಾಗಿ ಕೇಳಬೇಕು. 3607 ಮತ್ತು 3803 ಎರಡೂ 4ರ ಮುಂದೆ 3 ಉಳಿಸುತ್ತವೆ. ಎರಡು 3ಗಳ ಗುಣಲಬ್ಧ 9 ಆದ್ದರಿಂದಲೇ ಹೊರಗೆ 1 ಕಾಣುತ್ತದೆ. 4ರ ಮುಂದೆ 3 ಉಳಿಸುವ ಅವಿಭಾಜ್ಯವೊಂದು ಎರಡು ವರ್ಗಗಳ ಮೊತ್ತವನ್ನು ಭಾಗಿಸಿದರೆ ಅದು ಆ ಎರಡೂ ವರ್ಗಗಳ ಮೂಲಗಳನ್ನು ಭಾಗಿಸಲೇಬೇಕು, ಆದ್ದರಿಂದ ಮೊತ್ತದಲ್ಲಿ ಅದರ ಘಾತ ಸಮಸಂಖ್ಯೆಯಾಗಿರಬೇಕು. ನಮ್ಮಲ್ಲಿ 3607 ಒಂದೇ ಸಲ ಬಂದಿದೆ. ಹಾಗಾಗಿ 12,34,56,789ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಎಂದಿಗೂ ಸಾಧ್ಯವಿಲ್ಲ.

ಮೂರು ವರ್ಗಗಳಿಂದ ಸಾಧ್ಯವೇ? ಯಾವ ಪೂರ್ಣಸಂಖ್ಯೆಗಾದರೂ ನಾಲ್ಕು ವರ್ಗಗಳು ಸಾಕೆಂದು ಲಗ್ರಾಂಜ್ 1770ರಲ್ಲಿ ಸಾಧಿಸಿದರು. ಬೆಸಸಂಖ್ಯೆಗಳಲ್ಲಿ ನಾಲ್ಕನೆಯ ವರ್ಗ ಬೇಕಾಗುವುದು 8ರ ಮುಂದೆ 7 ಉಳಿಸುವವುಗಳಿಗೆ ಮಾತ್ರ. ನಮ್ಮದು 5 ಉಳಿಸುವುದರಿಂದ ಮೂರು ಸಾಕು. ಅವನ್ನು ಹುಡುಕಲು ಮೂಲೆಯಲ್ಲಿ ಬರೆದಿಟ್ಟ 2468ನ್ನು ತೆಗೆದುಕೊಳ್ಳಿ. ಅದು 4 × 617. 617 ಅವಿಭಾಜ್ಯ, 4ರ ಮುಂದೆ 1 ಉಳಿಸುವಂಥದ್ದು, ಆದ್ದರಿಂದ ಎರಡು ವರ್ಗಗಳಾಗಿ ಒಡೆಯಲೇಬೇಕು. 361 ಮತ್ತು 256, ಅಂದರೆ 19² + 16². 4 ಎಂಬುದು 2ರ ವರ್ಗವಾದ್ದರಿಂದ ಎರಡನ್ನೂ ಇಮ್ಮಡಿಸಿದರೆ 2468 = 38² + 32². ಹೀಗೆ

12,34,56,789 = 11111² + 38² + 32².

ಎಂಟನೆಯ ಹಂತ: ತಿರುಗಿಸಿ ಬರೆದ ಸಂಖ್ಯೆಯೊಂದಿಗೆ ಹೋಲಿಕೆ

ವಿಧಾನ ಕೈಗೆ ಹತ್ತಿದೆಯೇ ಎಂದು ನೋಡಲು ಇದೇ ಅಂಕಿಗಳನ್ನು ಹಿಂದುಮುಂದಾಗಿ ಬರೆದ 98,76,54,321ನ್ನು ತೆಗೆದುಕೊಳ್ಳಬಹುದು. ಮೊದಲು ಎರಡರ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಕಾಣೋಣ. ಯೂಕ್ಲಿಡ್ ಅವರ ವಿಧಾನದಲ್ಲಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ಶೇಷವನ್ನು ಹಿಡಿಯಬೇಕು. ಚಿಕ್ಕದನ್ನು 8ರಿಂದ ಗುಣಿಸಿದರೆ 98,76,54,312. ಉಳಿಯುವುದು ಬರೀ 9. ಆ 9 ಚಿಕ್ಕದನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ಆಗಲೇ ಗೊತ್ತಿದೆ. ಎರಡೇ ಸಾಲುಗಳಲ್ಲಿ ಮ.ಸಾ.ಅ. 9 ಎಂದು ತೀರ್ಮಾನವಾಯಿತು, ಅಪವರ್ತನಗಳು ಬೇಕಾಗಲೇ ಇಲ್ಲ.

9ರಿಂದ ಭಾಗಿಸಿದರೆ 10,97,39,369. ಇಲ್ಲಿ ನೇರವಾಗಿ ವರ್ಗಗಳ ವ್ಯತ್ಯಾಸದ ದಾರಿ ಹಿಡಿದವರಿಗೆ, ಒಂದೊಂದೇ ಸಂಖ್ಯೆ ಏರುತ್ತಾ ಹೋದರೆ, 1,79,000ಕ್ಕೂ ಹೆಚ್ಚು ಪ್ರಯತ್ನಗಳು ಬೇಕಾಗುತ್ತವೆ. ಸಣ್ಣ ಅವಿಭಾಜ್ಯಗಳಿಂದ ಶುರುಮಾಡಿದವರಿಗೆ 17ರಲ್ಲಿಯೇ ಬಾಗಿಲು ತೆರೆಯುತ್ತದೆ: 17ರಿಂದ ಭಾಗಿಸಿದರೆ 64,55,257, ಮತ್ತೊಮ್ಮೆ 17ರಿಂದ ಭಾಗಿಸಿದರೆ 3,79,721. ಕೊನೆಯದು ಅವಿಭಾಜ್ಯ, 616ರವರೆಗಿನ ಅವಿಭಾಜ್ಯಗಳಿಂದ ಇದನ್ನು ಪರೀಕ್ಷಿಸಿಕೊಳ್ಳಬಹುದು. ಹೀಗೆ 98,76,54,321 = 3² × 17² × 3,79,721, ಭಾಜಕಗಳು 3 × 3 × 2 = 18.

ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ ಎಂದು ಕೇಳಿದರೆ ಉತ್ತರ ತಿರುಗುಮುರುಗಾಗುತ್ತದೆ. 4ರ ಮುಂದೆ 3 ಉಳಿಸುವ ಅವಿಭಾಜ್ಯ ಇಲ್ಲಿ 3 ಒಂದೇ, ಅದರ ಘಾತ ಸಮ. 3,79,721ರ ಕೊನೆಯ ಎರಡು ಅಂಕಿ 21 ಆದ್ದರಿಂದ ಅದು 1 ಉಳಿಸುತ್ತದೆ. ಎಂದರೆ ಎರಡು ವರ್ಗಗಳು ಇದ್ದೇ ಇವೆ, ಹುಡುಕಬೇಕಷ್ಟೆ. ಶೇಷಗಳು ಇಲ್ಲಿಯೂ ದಾರಿ ತೋರುತ್ತವೆ. 5ರ ಮುಂದೆ ವರ್ಗಗಳು 0, 1 ಅಥವಾ 4 ಮಾತ್ರ ಉಳಿಸುತ್ತವೆ. ಎರಡರ ಮೊತ್ತ 1 ಉಳಿಸಬೇಕಾದರೆ ಒಂದು 0 ಆಗಿರಲೇಬೇಕು, ಆದ್ದರಿಂದ ಮೂಲಗಳಲ್ಲಿ ಒಂದು 5ರ ಅಪವರ್ತ್ಯ. 8ರ ಮುಂದೆ 3,79,721 ಉಳಿಸುವುದು 1, ಆದ್ದರಿಂದ ಸಮವಾಗಿರುವ ಮೂಲ 4ರ ಅಪವರ್ತ್ಯ. 3ರ ಮುಂದೆ 2 ಉಳಿಯುವುದರಿಂದ ಎರಡು ಮೂಲಗಳಲ್ಲಿ ಯಾವುದೂ 3ರ ಅಪವರ್ತ್ಯವಲ್ಲ. 5ರ ಮತ್ತು 4ರ ಅಪವರ್ತ್ಯ ಒಂದೇ ಮೂಲವಾಗಿರಬಹುದೆಂದು ಹಿಡಿದು 20, 40, 80 ಎಂದು ಪರೀಕ್ಷಿಸಿದರೆ 80ರಲ್ಲಿ ಫಲ ಸಿಗುತ್ತದೆ: 3,79,721ರಿಂದ 6400 ಕಳೆದರೆ 3,73,321, ಅದು 611ರ ವರ್ಗ. 3 × 17 = 51ರಿಂದ ಎರಡನ್ನೂ ಗುಣಿಸಿದರೆ 31161 ಮತ್ತು 4080. ಅವುಗಳ ವರ್ಗಗಳು 97,10,07,921 ಮತ್ತು 1,66,46,400. ಎರಡನ್ನೂ ಕೂಡಿದರೆ ಸರಿಯಾಗಿ 98,76,54,321.